ತೂಕ ನೋಡಿ ಕೊಂಡ ರೇಡಿಯೇಟರು

ನನ್ನ ಹಳೆಯ ಓಟದ ಕಾರಿಗೆ ಬದಲಿ ರೇಡಿಯೇಟರು ಬಿದ್ದದ್ದು ಮೂವತ್ತೆರಡು ರೂಪಾಯಿಗೆ. ಅದರಲ್ಲಿ ಹನ್ನೆರಡು ಸಾಮಾನಿನ ಬೆಲೆ, ಉಳಿದ ಇಪ್ಪತ್ತು ನನ್ನ ಜಾಣತನದ್ದು. ಸಾಮಾನಿನ ಬೆಲೆಯನ್ನು ಚೌಕಾಸಿ ಮಾಡಿ ಇಳಿಸಬಹುದು, ಜಾಣತನದ ಬೆಲೆಯನ್ನು ಮಾತ್ರ ಕೇಳಿದಷ್ಟು ಕೊಟ್ಟೇ ತೀರಬೇಕು. ಇದನ್ನು ತಾವು ನನ್ನ ಖರ್ಚಿನಲ್ಲೇ ಕಲಿತರೆ ನನಗೂ ಸಮಾಧಾನ.

ತಲೆಯ ಮೇಲೆ ಚೆಂಬು ತಂಬಿಗೆಗಳ ಕುಕ್ಕೆ ಹೊತ್ತು ದೊಡ್ಡೇರಿಯ ಸುತ್ತಿನ ಹಳ್ಳಿಗಳನ್ನು ತಿರುಗಿದ ನಾನು, ಮಧುಗಿರಿಯಲ್ಲಿ ತಾಮ್ರದ ಪಾತ್ರೆಯ ಅಂಗಡಿ ಇಟ್ಟು, ಕಡೆಗೆ ಬೆಂಗಳೂರಿನ ದಂಡಿನಿಂದ ವಿಲಾಯಿತಿಗೆ ಹೊರಟು ನಿಂತಿದ್ದ ದೊರೆಯೊಬ್ಬನ ಕಾರನ್ನು ಕೊಂಡೆ. ಮುಂದೆ ಇಬ್ಬರು, ಹಿಂದೆ ಡಿಕ್ಕಿಯ ಮುಚ್ಚಳ ತೆರೆದರೆ ಅದರೊಳಗಿನ ಬಯಲು ಸೀಟಿನಲ್ಲಿ ಒಬ್ಬ. ಮಿಕ್ಕ ಜಾಗವೆಲ್ಲ ಎಂಜಿನ್ನಿನದು. ಒಂದು ಕಾಲಕ್ಕೆ ಪಂದ್ಯ ಗೆದ್ದದ್ದಂತೆ. ಗೆದ್ದವರ ಸ್ವಭಾವ ತಮಗೆ ತಿಳಿದದ್ದೇ: ವಯಸ್ಸಾದರೂ ಬಿಸಿ ಆರುವುದಿಲ್ಲ. ಹಾಗೆ ಕಾದು ಕಾದು ಅದರ ರೇಡಿಯೇಟರು ಬೆಸುಗೆಗೂ ಬಗ್ಗದಷ್ಟು ಸೋರತೊಡಗಿತು.

ಅದೂ ಯಾವಾಗ? ಮಗಳು ಗಿರಿಜೆಗೆ ಪಾವಗಡದ ಮೇಷ್ಟರೊಬ್ಬರ ಸಂಬಂಧ ಕೂಡಿ ಬಂದಾಗ. ಮೇಷ್ಟರು ಒಪ್ಪಿದ್ದರು, ಗಿರಿಜೆಯೂ ಒಪ್ಪಿದ್ದಳು. ಆದರೆ ಆ ಮನೆಯಲ್ಲಿ ಅಜ್ಜಿ ಗೌರಮ್ಮನವರು ಹೂಂ ಅನ್ನದೆ ಒಲೆಯೂ ಹೊತ್ತುವುದಿಲ್ಲ. ಬಸ್ಸು ಹತ್ತಿದರೆ ಹೊಟ್ಟೆ ತೊಳಸುವ ಆಕೆಯನ್ನು ಸೋಮವಾರ ನಾನೇ ಕಾರಿನಲ್ಲಿ ಕರೆತಂದು ಹೆಣ್ಣು ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ.

ಶಿರಾದಲ್ಲಿ ಗುಜರಿ ಅಂಗಡಿಯ ಖಾದರ್ ಸಾಬರ ಬಳಿ ಎರಡು ರೇಡಿಯೇಟರುಗಳಿದ್ದವು. ಒಂದು ಕಾರಿನದು, ಹನ್ನೆರಡು ರೂಪಾಯಿ; ಇನ್ನೊಂದು ಪಾವಗಡದ ಕಡೆ ಓಡಿ ಸವೆದ ಬಸ್ಸಿನದು, ಹದಿನೆಂಟು. ನಮ್ಮ ಕಸುಬಿನಲ್ಲಿ ತಾಮ್ರದ ಯೋಗ್ಯತೆಯನ್ನು ಹೇಳುವುದು ತಕ್ಕಡಿ; ತೆಳುವಾದ ಹಂಡೆಯನ್ನು ದಪ್ಪವೆಂದು ಮಾರುವ ನಾಲಗೆಗಳನ್ನು ಸಾಕಷ್ಟು ಕಂಡವನು ನಾನು. ಹೀಗಾಗಿ ಅಂಗಡಿಯ ತಕ್ಕಡಿಯನ್ನೇ ಒಯ್ದಿದ್ದೆ. ಬಸ್ಸಿನದು ಮೂರು ಸೇರು ಹೆಚ್ಚು ತೂಗಿತು.

“ಅಣ್ಣಾ, ಹಗುರದ್ದೇ ತಗೊಳ್ಳಿ. ಇದು ಪಾವಗಡದ ನೀರು ಕುಡಿದೈತೆ,” ಎಂದರು ಸಾಬರು.

“ಕುಡೀಲಿ ಬುಡಿ ಸಾಬ್ರೇ. ನಾನೇನು ಇದನ್ನ ಮನೆ ಅಳಿಯ ಮಾಡ್ಕಂತೀನಾ?”

“ಖುದಾ ಕಸಂ, ನಿಮ್ ಒಳ್ಳೇದಕ್ಕೇ ಹೇಳ್ತಿರೋದು.”

ಅಗ್ಗದ್ದನ್ನು ಹೊಗಳುವ ವ್ಯಾಪಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಾಮ್ರದಾಸೆಗೆ ಭಾರದ್ದನ್ನು ತಾನೇ ಇಟ್ಟುಕೊಳ್ಳುವ ಹುನ್ನಾರವೆಂದು ಗ್ರಹಿಸಿ, ಅದನ್ನೇ ಹಟ ಹಿಡಿದು ಕೊಂಡು, ತಗಡಿನ ಪಟ್ಟಿ ಬಿಗಿಸಿ ಕಾರಿಗೆ ಕೂರಿಸಿದೆ.

ಸೋಮವಾರ ಹೋಗುವಾಗ ಬೆಳಗಿನ ತಂಪಿತ್ತು; ಒಮ್ಮೆ ಮಾತ್ರ ಕುದಿಯಿತು. ಹೊಸ ಜಾಗ, ಹೊಂದಿಕೊಳ್ಳಲಿ ಎಂದು ಸುಮ್ಮನಾದೆ. ಬರುವಾಗ ನಡುಹಗಲು. ಪಕ್ಕದಲ್ಲಿ ಅಜ್ಜಿ, ಹಿಂದೆ ಡಿಕ್ಕಿಯಲ್ಲಿ ಜರಿಯಂಚಿನ ಪಂಚೆಯ ಮೇಷ್ಟರು. ಮೂರು ಕಡೆ ಕುದಿದು ನಿಂತಿತು. ಮೂರು ಸಲವೂ ಭಾವೀ ಅಳಿಯಂದಿರು ತಂಬಿಗೆ ಹಿಡಿದು ಬಾವಿಗಿಳಿದರು. ಮಿಡಿಗೇಶಿಯ ಹತ್ತಿರ ಬುಸ್ಸೆಂದು ಹಬೆ ಎದ್ದು, ಎಂಜಿನ್ನು ಪೂರ್ತಿ ಮೌನ ತಾಳಿತು.

“ಏಮಯ್ಯಾ ರುದ್ರಪ್ಪಾ, ಇದು ಕಾರಾ, ಸ್ನಾನದ ಹಂಡೇನಾ?” ಎಂದು ಅಜ್ಜಿ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೇಳುತ್ತ ಇಳಿದರು. ಹಬೆ ಆರಿದ ಮೇಲೆ ರೇಡಿಯೇಟರಿನ ಬಾಯೊಳಗೆ ಬೆರಳು ಹಾಕಿ ಕೆರೆದರು. ಬೆಳ್ಳಗೆ ಹಕ್ಕಳೆ ಬಂತು.

“ಅಯ್ಯೋ, ಇದು ಮಾ ಊರಿ ನೀರೇ ಕಣಯ್ಯಾ! ನಮ್ಮನೆ ಹಂಡೆ ಒಳಗೂ ಇಂಗೇ ಸುಣ್ಣ ಕಟ್ತೈತೆ. ನೀರು ಹರಿಯಾಕೆ ದಾರೀನೇ ಇಲ್ಲ, ತಣ್ಣಗಾಗೋದು ಹೆಂಗೆ? ಹುಣಸೇ ಹುಳಿ ಹಾಕಿ ಕುದಿಸಿದ್ದೀಯಾ?”

ಕೊಂಡ ಹಂಡೆಗೆ ಸುಣ್ಣ ಕಟ್ಟಿದರೆ ಹುಣಸೇ ಹುಳಿ ಹಾಕಿ ಕುದಿಸಿರೆಂದು ಮೂರು ತಾಲ್ಲೂಕಿನ ಹೆಂಗಸರಿಗೆ ಉಪದೇಶ ಮಾಡಿದ ಮಹಾನುಭಾವನೇ ನಾನು. ತಾಮ್ರವೆಂದು ತೂಗಿ ತಂದ ಮೂರು ಸೇರು ಅಪ್ಪಟ ಸುಣ್ಣವಾಗಿತ್ತು.

ಎರಡು ರೂಪಾಯಿಗೆ ಜೋಡಿ ಎತ್ತು ಗೊತ್ತುಮಾಡಿದೆ. ಎತ್ತಿನವನು ಹಗ್ಗ ಬಿಗಿಯುತ್ತ, “ಭಾರೀ ಓಡೋ ಕಾರು ಅಂದ್ರಲ್ಲ ಸೋಮಿ, ನಮ್ಮೆತ್ತಿಗೆ ಸುಸ್ತಾದೀತು, ನಿಧಾನಕ್ಕೇ ಓಡಿಸ್ಕಳಿ,” ಎಂದ. ಪಂದ್ಯ ಗೆದ್ದ ಕಾರು ಮಧುಗಿರಿಯ ಪೇಟೆಬೀದಿಯನ್ನು ಎತ್ತುಗಳ ಹಿಂದೆ ಪ್ರವೇಶಿಸಿತು. ನನ್ನ ಗಿರಾಕಿಗಳೆಲ್ಲ ಎದ್ದು ನಿಂತು ನೋಡಿದರು. ಸಂಬಂಧ ಮುರಿಯಿತೆಂದೇ ನಾನು ತಲೆ ತಗ್ಗಿಸಿ ಸ್ಟಿಯರಿಂಗು ಹಿಡಿದಿದ್ದೆ.

ಗಿರಿಜೆ ಅಜ್ಜಿಯ ಕಾಲಿಗೆ ನೀರು ಕೊಟ್ಟಳು. “ಏನಮ್ಮಾ, ನಿಮ್ಮಪ್ಪ ಎಂಥಾ ಕಾರಲ್ಲಿ ಕರ್ಕಂಬಂದ ನೋಡು,” ಎಂದರು ಅಜ್ಜಿ.

“ನೀರು ಬಿಟ್ಟು ನೋಡಿ ತಗೊಳ್ಳಿ ಅಂದಿದ್ದೆ ಅಜ್ಜೀ. ಅಪ್ಪ ತಕ್ಕಡಿ ತಗೊಂಡು ಹೋದ್ರು.”

ಅಜ್ಜಿ ನಕ್ಕರು ಎಂದರೆ ಸಾಲದು. ಗೋಡೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ಹುಡುಗಿ ನಮಗೊಪ್ಪಿಗೆ ಕಣಯ್ಯಾ. ಮದುವೆ ಪಾತ್ರೆ ಮಾತ್ರ ಈಕೇನೇ ಆರಿಸ್ಲಿ, ನೀನು ಕೈ ಹಾಕಬ್ಯಾಡ,” ಎಂದರು. ನನ್ನ ಅಂಗಡಿಯ ಪಾತ್ರೆಗಳ ಬಗೆಗೇ ಈ ಮಾತು, ಒಪ್ಪಿಕೊಂಡೆ. ಮಾರನೆಯ ದಿನ ಶಿರಾಕ್ಕೆ ಹೋಗಿ ಹನ್ನೆರಡು ರೂಪಾಯಿಯನ್ನು ಚೌಕಾಸಿಯಿಲ್ಲದೆ ಕೊಟ್ಟೆ. ಸಾಬರು ಆ ಹಗುರದ್ದನ್ನೇ ಒರೆಸಿ ನನ್ನ ಕೈಗಿಟ್ಟರು.

ಆದ್ದರಿಂದ ಹಳೆಯ ಕಾರಿಗೆ ರೇಡಿಯೇಟರು ಕೊಳ್ಳಹೊರಟವರು ತಕ್ಕಡಿಯ ಬದಲು ಒಂದು ಕೊಡ ನೀರು ಒಯ್ಯಿರಿ. ಮೇಲೆ ಸುರಿದದ್ದು ಸುರಿದ ವೇಗದಲ್ಲೇ ಕೆಳಗೆ ಬಿದ್ದರೆ ದುಡ್ಡು ಕೊಡಿ. ತೊಟ್ಟಿಕ್ಕಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಓಟದ ಎಂಜಿನ್ನಾದರೆ ಗಾಳಿಗೆ ಒಡ್ಡುವ ಅಗಲ ಮೊದಲಿನದಕ್ಕಿಂತ ಒಂದಂಗುಲವೂ ಕಡಿಮೆಯಾಗದಂತೆ ನೋಡಿಕೊಳ್ಳಿ. ಕೊಳ್ಳುವ ಮುನ್ನ ಮನೆಯಲ್ಲಿ ಬಚ್ಚಲ ಒಲೆ ಹೊತ್ತಿಸುವವರನ್ನು ಒಂದು ಮಾತು ಕೇಳಿ. ನಾನೂ ಕೇಳಿದ್ದೆ, ತಾವು ಅವರು ಹೇಳಿದಂತೆ ಮಾಡಿ.