ಕೆಂಚಮ್ಮನ ಹುಳುಮನೆಯ ಚಿಮಣಿ

ಸಾತನೂರು ಕಡೆಯ ಕೆಂಚಮ್ಮ ರೇಷ್ಮೆ ಸಾಕುವ ಹುಳುಮನೆಗೆ ಕಾಲಿಡುವುದೆಂದರೆ ಹುಡುಗಾಟವಲ್ಲ. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಪಾದ ಅದ್ದದಿದ್ದರೆ ಗಂಡ ಮರಿಯಪ್ಪನಿಗೂ ಒಳಗೆ ಜಾಗವಿಲ್ಲ. ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಹಾಳುಮಾಡುವ ಊಜಿ ನೊಣ ಅವಳ ಜನ್ಮವೈರಿ. ಒಂದು ಕಂಡರೆ ಸಾಕು, ಉಣ್ಣುವ ಅನ್ನ ಬಿಟ್ಟೆದ್ದು ಅಟ್ಟಾಡಿಸುತ್ತಾಳೆ. ಊರವರು ನಗುತ್ತಾರೆ, ನಗಲಿ. ಅವಳ ರೇಷ್ಮೆಗೂಡಿಗೆ ರಾಮನಗರದ ಮಾರುಕಟ್ಟೆಯಲ್ಲಿ ಹೆಸರಿದೆ.

ಈ ಸಲ ಚಳಿ ಜಾಸ್ತಿಯಾಗಿ ಹುಳುಗಳು ಮಂಕಾದವು. ಕೆಂಡದ ಬಾಂಡಲಿ ಇಟ್ಟರೆ ಹೊಗೆ. ಮರಿಯಪ್ಪ ಒಂದು ಸೌದೆ ಒಲೆಯನ್ನೂ ಅದರ ಹೊಗೆ ಸೂರಿನಾಚೆ ಹೋಗಲು ಫ್ಯಾಕ್ಟರಿಯಲ್ಲೇ ಮಾಡಿದ ಎರಡು ಪದರದ ಸ್ಟೀಲ್ ಚಿಮಣಿಯನ್ನೂ ತರಿಸಿದ. ಕೂರಿಸಲು ಕನಕಪುರದಿಂದ ಪೀರ್ ಸಾಬ್ ಬಂದ. ಹೆಂಚು ತೆಗೆದು, ತುಂಡಿಗೆ ತುಂಡು ತಿರುಗಿಸಿ ಬಿಗಿಮಾಡಿ, ಪೈಪಿಗೂ ಸೂರಿನ ಮರಕ್ಕೂ ನಡುವೆ ಸುತ್ತಲೂ ಸಂದಿ ಬಿಟ್ಟು, ಕೆಳಗೆ ಜಾಲರಿ ಹೊಡೆದ.

"ಈ ಸಂದೀಗೆ ಏನೂ ತುರುಕ್ಬೇಡಿ ಕಣಕ್ಕ. ಗಾಳಿ ಆಡ್ತಾ ಇದ್ರೆ ಮರ ಬಿಸಿಯಾಗಾಕಿಲ್ಲ."

"ಊಜಿ ಬಂದ್ರೆ?"

"ಅದ್ಕೇ ಅಲ್ವಾ ಜಾಲರಿ ಹೊಡ್ದಿರಾದು!"

ಕೆಂಚಮ್ಮ ತಲೆಯಾಡಿಸಿದಳು. ಆಹಾ, ಇನ್ನೊಬ್ಬರ ಮಾತು ಕೇಳುವ ಹೆಂಗಸೇ ಅವಳು! ಸಾಬರ ಬೈಕು ತಿರುವು ದಾಟಿದ್ದೇ ತಡ, ಏಣಿ ಹತ್ತಿ, ಜಾಲರಿಯ ಮೂಲೆ ಎತ್ತಿ, ಸಂದಿಯ ತುಂಬ ಗೋಣಿತಟ್ಟು ಗಿಡಿದಳು.

ವಾರ ಕಳೆದಿರಲಿಲ್ಲ, ಹುಳುಗಳಿಗೆ ಬೆಳಗಿನ ಸೊಪ್ಪು ಹಾಕುವ ಹೊತ್ತಿಗೆ ಗೋಣಿ ಕಾದು ಹೊತ್ತಿಕೊಂಡು ಸೂರಿನ ಮರಕ್ಕೂ ಬೆಂಕಿ ಹಿಡಿಯಿತು. ಅಕ್ಕಪಕ್ಕದವರು ನೀರು ಎರಚಿ ಆರಿಸಿದರು. ಮನೆ ಉಳಿಯಿತು, ಹೊಗೆಗೆ ಹುಳುಗಳೆಲ್ಲ ಸತ್ತವು. ಮರಿಯಪ್ಪ ತಲೆ ಚಚ್ಚಿಕೊಳ್ಳುತ್ತಿರುವಾಗ ಕೆಂಚಮ್ಮ ಸುಟ್ಟ ಗೋಣಿಯನ್ನು ಕಿತ್ತು, ಜಾಲರಿ ಮೊದಲಿನಂತೆ ಬಗ್ಗಿಸಿ, ಆ ಗೋಣಿಯನ್ನು ತಿಪ್ಪೆಗೆ ಎಸೆದು ಬಂದಳು. ಯಾರೂ ನೋಡಲಿಲ್ಲ.

ಸಂಜೆ ಹಾಲಿನ ಡೈರಿಯ ಮುಂದೆ ಮರಿಯಪ್ಪನ ಬಾಯಿಗೆ ತಡೆಯೇ ಇರಲಿಲ್ಲ. "ಆ ಸಾಬಂಗೆ ಕೆಲ್ಸಾನೇ ಬರಾಕಿಲ್ಲ ಕಣ್ಲಾ ಸ್ವಾಮಿ!" ತನ್ನ ಮನೆಗೂ ಚಿಮಣಿ ಹಾಕಿಸಬೇಕೆಂದಿದ್ದ ಪಕ್ಕದ ಮನೆಯ ಸ್ವಾಮಿ ಅಲ್ಲೇ ಪೀರ್ ಸಾಬನಿಗೆ ಫೋನು ಮಾಡಿ ಬೇಡವೆಂದ. ಕೆಂಚಮ್ಮನಿಗೆ ಆ ಸುದ್ದಿ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ತಾನು ಮಾಡಿದ ಪಾಪವನ್ನು ಇನ್ನೊಬ್ಬರ ತಲೆಗೆ ಕಟ್ಟಿದೆನಲ್ಲ ಎಂದು ಒಳಗೇ ಬೇಯುತ್ತಿದ್ದಳು.

ಮರುದಿನ ಪೀರ್ ಸಾಬ್ ತಾನಾಗಿಯೇ ಬಂದ. ಕೆಂಚಮ್ಮ ಏಣಿ ಹಿಡಿದಳು. ಅವನು ಮೇಲೆ ಬೆರಳಿಟ್ಟು ಅಳೆದ, ಪೈಪು ತಟ್ಟಿದ, ಮತ್ತೆ ಅಳೆದ. ಇಳಿದು ಬಂದು ಜಗಲಿಯ ಮೇಲೆ ಕುಸಿದ.

"ಸಂದಿ ಸರಿಯಾಗೇ ಐತೆ ಕಣಕ್ಕ. ಆದ್ರೂ ಹತ್ಕೊಂಡೈತೆ ಅಂದ್ರೆ ನನ್ನ ಕೈಯಲ್ಲೇ ಏನೋ ತಪ್ಪಾಗೈತೆ. ಏನೂ ಅಂತ ತಿಳೀತಿಲ್ಲ. ನಾನು ಕೂರ್ಸಿರೋ ಮನೆಗಳಲ್ಲಿ ಮಕ್ಕಳು ಮಲಗ್ತಾವೆ. ಇವತ್ತೇ ಹೋಗಿ ಎಲ್ಲಾನೂ ಬಿಚ್ಬುಡ್ತೀನಿ. ಈ ಕೆಲ್ಸಾನೇ ಸಾಕು."

ಅಯ್ಯೋ ಶಿವನೇ! ತಾನು ಮುಚ್ಚಿಟ್ಟಿದ್ದಕ್ಕೆ ಈ ಮನುಷ್ಯ ತಪ್ಪು ತನ್ನದೇ ಎಂದು ನಂಬಿಬಿಟ್ಟನಲ್ಲ. ಕೆಂಚಮ್ಮನಿಗೆ ತಡೆಯಲಾಗಲಿಲ್ಲ.

"ತುರುಕಿದ್ದು ನಾನೇ ಸಾಬ್ರೇ. ಗೋಣಿತಟ್ಟು. ತೆಗ್ದು ತಿಪ್ಪೆಗೆ ಎಸೆದೋಳೂ ನಾನೇ."

ಪೀರ್ ಸಾಬ್ ಅವಳನ್ನೇ ನೋಡಿದ. ಬೈದಿದ್ದರೂ ಹಗುರಾಗುತ್ತಿತ್ತು, ಬೈಯಲಿಲ್ಲ.

"ನಂಗ್ ಹೇಳುದ್ರೆ ಏನ್ ಬಂತಕ್ಕ? ನನ್ನ ಹೆಸ್ರು ಹೋಗಿದ್ದು ಡೈರಿ ತಾವ," ಎಂದು ಬೈಕು ಹತ್ತಿದ.

ಸಂಜೆ ಡೈರಿಯ ಮುಂದೆ ಹಾಲಿನ ಕ್ಯಾನುಗಳ ಸಾಲು. ಮರಿಯಪ್ಪ ನಿನ್ನೆಯದನ್ನೇ ಇನ್ನಷ್ಟು ಉಪ್ಪುಖಾರ ಹಚ್ಚಿ ಹೇಳುತ್ತಿದ್ದ. ಕೆಂಚಮ್ಮ ಬರಿಗೈಯಲ್ಲಿ ಬಂದು ಅವನೆದುರು ನಿಂತಳು.

"ಸಾಕು ಬಾಯ್ಮುಚ್ಚಿ. ಬೆಂಕಿ ಹಚ್ಚಿದ್ದು ಸಾಬ್ರಲ್ಲ, ನಿಮ್ಮ ಹೆಂಡ್ತಿ. ಬ್ಯಾಡ ಅಂದಿದ್ ಸಂದೀಗೆ ಗೋಣಿ ತುರುಕ್ಬುಟ್ಟು, ಅವ್ರ ತಲೆಗ್ ಕಟ್ದೆ."

ಮರಿಯಪ್ಪನ ಮುಖ ಕಪ್ಪಿಟ್ಟಿತು. ಸ್ವಾಮಿ ಸಾಲಿನ ಕೊನೆಯಲ್ಲಿದ್ದ, ಕೇಳಿಸಿತೋ ಇಲ್ಲವೋ ಎಂದು ಅವಳು ಅವನ ಕಡೆ ತಿರುಗಿ ಅಷ್ಟನ್ನೂ ಮತ್ತೊಮ್ಮೆ, ಜೋರಾಗಿ ಹೇಳಿದಳು.