ಹನ್ನೊಂದು ಬಾಗಿಲಿನ ಸುತ್ತು

ನಿನ್ನೆ ಮೊಮ್ಮಗಳು ಪಕ್ಕದಲ್ಲಿ ಕೂತು ಪೆನ್ಸಿಲ್ ಹೆರೆಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಲೆಕ್ಕದ ಮೇಷ್ಟ್ರು ನೆನಪಾದರು. ಅವರ ರೂಮಿನ ತುಂಬ ಇದೇ ವಾಸನೆ. ಗುಡಿಸಿದಷ್ಟೂ ಪೆನ್ಸಿಲ್ ಸಿಪ್ಪೆ…

ತುಮಕೂರಿನಲ್ಲಿ ನಾವಿದ್ದದ್ದು ಹನ್ನೊಂದು ಮನೆಯ ವಠಾರ. ನಡುವೆ ಅಂಗಳ, ಸುತ್ತ ಬಾಗಿಲುಗಳು. ಮೇಷ್ಟ್ರು ಕಾಲೇಜಿನಲ್ಲಿ ಪಾಠ ಮಾಡಿ ಬಂದು ಡಾಕ್ಟರೇಟಿಗೆ ಓದುತ್ತಿದ್ದರು. ಮದುವೆ ಆಗಿರಲಿಲ್ಲ. ಅವರ ಮನೆಯ ಕಸ, ಪಾತ್ರೆ ನನ್ನದು. ಮೇಷ್ಟ್ರ ಓದು ಅಂದರೆ ಮತ್ತೇನಲ್ಲ. ಒಂದು ವೃತ್ತ ಬರೆದು, ಅದರ ಮೇಲೆ ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯಿಂದಲೂ ಅಷ್ಟಷ್ಟೇ ದೂರ ಹಾರಿ ಗೆರೆ ಎಳೆಯುವುದು. ಸರ್ಕ್ಯುಲೆಂಟ್ ಗ್ರಾಫ್ ಅಂತ ಅದರ ಹೆಸರು. ಕಂಪ್ಯೂಟರುಗಳನ್ನು ಹೀಗೆ ಜೋಡಿಸಿದರೆ ಒಂದು ತಂತಿ ಕಡಿದರೂ ಸುದ್ದಿ ಇನ್ನೊಂದು ದಾರಿ ಹಿಡಿದು ಹೋಗುತ್ತದೆ ಎನ್ನುತ್ತಿದ್ದರು. ಹಾಳೆಯ ನಡುವೆ ಗುಂಡುಪಿನ್ನು ಚುಚ್ಚಿ ತಿರುಗಿಸಿ ತೋರಿಸುತ್ತಿದ್ದರು. ಒಂದು ಚುಕ್ಕಿಯಷ್ಟು ತಿರುಗಿಸಿದರೂ ಅದೇ ಚಿತ್ರ, ನಾಲ್ಕು ಚುಕ್ಕಿಯಷ್ಟು ತಿರುಗಿಸಿದರೂ ಅದೇ ಚಿತ್ರ. ಯಾವ ಚುಕ್ಕಿಯೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಅದೇ ಅದರ ಗುಣ ಅಂತ ಅವರಿಗೆ ಹಿಗ್ಗು.

ಬಳೆ ಮಾರುವ ಬೀಬಿ ಮೂಲೆಮನೆಯಲ್ಲಿ ಒಬ್ಬಳೇ ಇದ್ದಳು. ಒಂದು ಸಲ ತಲೆ ಸುತ್ತಿ ಬಿದ್ದವಳು ಅರ್ಧ ದಿನ ಬಿದ್ದೇ ಇದ್ದಳು, ಯಾರಿಗೂ ಗೊತ್ತಾಗಲಿಲ್ಲ. ಆಗ ಮೇಷ್ಟ್ರು ತಮ್ಮ ಚಿತ್ರವನ್ನೇ ವಠಾರಕ್ಕೆ ತಂದರು. ಬೆಳಗ್ಗೆ ಎದ್ದು ಪ್ರತಿ ಮನೆಯವರೂ ತಮ್ಮ ಎಡಗಡೆಯ ಮೊದಲನೇ ಬಾಗಿಲು, ಮೂರನೇ ಬಾಗಿಲು ತಟ್ಟಿ ಮಾತಾಡಿಸಬೇಕು. ಆಗ ಪ್ರತಿ ಮನೆಗೂ ಇಬ್ಬರು ಕಾವಲು. ಯಾವ ಎರಡು ಮನೆಗೂ ಅದೇ ಇಬ್ಬರಲ್ಲ. ಒಬ್ಬರು ಮರೆತರೆ ಇನ್ನೊಬ್ಬರು. ಊರಿಗೆ ಹೋಗುವವರು ಮಾತ್ರ ತಮ್ಮ ಪಾಲನ್ನು ಬೇರೆಯವರಿಗೆ ಹೇಳಿ ಹೋಗಬೇಕು.

ಬೀಬಿ ನಕ್ಕಳು. “ಹಿಂಗೆ ದಿನಾ ಬಾಗ್ಲು ಬಡಿದ್ರೆ ಸಾಯೋಕೂ ಪುರುಸೊತ್ತಿರಲ್ಲ ಮೇಷ್ಟ್ರೇ,” ಅಂದಳು.

ಒಂದಷ್ಟು ಕಾಲ ಚೆನ್ನಾಗೇ ನಡೆಯಿತು.

ಬೀಬಿಯನ್ನು ನೋಡಬೇಕಾದ ಎರಡು ಮನೆಯೂ ಅಣ್ಣತಮ್ಮಂದಿರದ್ದು, ನಡುವೆ ಒಂದು ಮನೆ ಬಿಟ್ಟು. ಒಂದು ಬೆಳಗ್ಗೆ ಚೇಳೂರಿನಿಂದ ಅವರಪ್ಪ ತೀರಿಕೊಂಡ ಸುದ್ದಿ ಬಂತು. ಸಾವಿಗೆ ಹೊರಟವರು ನಮ್ಮ ಕಡೆ ಹೋಗಿಬರ್ತೀವಿ ಅನ್ನುವುದಿಲ್ಲ. ಅವರೂ ಯಾರ ಬಾಗಿಲಿಗೂ ಬರದೆ ಬೀಗ ಹಾಕಿಕೊಂಡು ಹೋದರು. ಬೀಗ ಎಲ್ಲರ ಕಣ್ಣಿಗೂ ಬಿತ್ತು. ಅವರು ತಟ್ಟಬೇಕಿದ್ದ ಬಾಗಿಲು ಯಾವುದು ಅಂತ ಮಾತ್ರ ಯಾರ ತಲೆಗೂ ಬರಲಿಲ್ಲ. ಮೊದಲಾದರೆ ಹೋಗ್ತಾ ಬರ್ತಾ ಎಲ್ಲರೂ ಎಲ್ಲ ಮನೆಗೂ ಇಣುಕುತ್ತಿದ್ದರು. ಈ ಸುತ್ತು ಬಂದ ಮೇಲೆ ಅವರವರ ಎರಡು ಬಾಗಿಲು ಮುಗಿದರೆ ಮುಗಿಯಿತು. ಬೀಬಿ ತಟ್ಟಬೇಕಿದ್ದ ಎರಡು ಮನೆಯವರೂ ಅವಳು ಬೇಗ ಎದ್ದು ಬಳೆ ಮಾರಲು ಹೋಗಿರಬೇಕು ಅಂದುಕೊಂಡರು.

ಮೂರನೇ ದಿನ ಬಳೆ ತೊಡಿಸಿಕೊಳ್ಳಲು ಬಂದ ಹೆಂಗಸು ಕೂಗಿ ಸಾಕಾಗಿ ನನ್ನನ್ನು ಕರೆದಳು. ಮೇಷ್ಟ್ರು ಬಂದು ಚಿಲಕ ಮುರಿದರು. ಬಾಗಿಲು ಗೇಣಗಲ ತೆರೆದು ನಿಂತಿತು. ಹಿಂದೆ ಬೀಬಿಯೇ ಅಡ್ಡ ಬಿದ್ದಿದ್ದಳು. ಬಚ್ಚಲಲ್ಲಿ ಜಾರಿ, ಸೊಂಟ ಮುರಿದು, ಅಲ್ಲಿಯವರೆಗೆ ತೆವಳಿ ಬಂದಿದ್ದಳು. ಮೊಬೈಲು ಮೇಲಿನ ಗೂಡಿನಲ್ಲಿ ಚಾರ್ಜಿಗಿತ್ತು. ಬಿದ್ದ ಮೇಲೆ ಒಂದು ದಿನವಾದರೂ ಜೀವ ಇತ್ತು ಅಂದರು ಆಸ್ಪತ್ರೆಯವರು. ಕೂಗಿರಬೇಕು…

ಮಣ್ಣು ಮಾಡಿ ಬಂದ ಮೇಲೆ ಮೇಷ್ಟ್ರು ಗೋಡೆಯ ಮೇಲಿನ ಹಾಳೆ ನೋಡುತ್ತಾ ಕೂತಿದ್ದರು.

“ಚುಕ್ಕಿಗೆ ಅಣ್ಣ ತಮ್ಮ ಇರಲ್ಲ ಕಣಮ್ಮ, ಮನೆಗಿರ್ತಾರೆ. ಎಲ್ಲ ಒಂದೇ ಅಂತ ಗೆರೆ ಎಳೆದ್ಬಿಟ್ಟೆ. ಬೀಗ ನಾನೂ ನೋಡಿದ್ನಲ್ಲ.”

ಕಾಫಿ ಇಟ್ಟು ಬಂದೆ. ಅದು ಆರಿ ಕೆನೆ ಕಟ್ಟಿತು.

ಮಾರನೆಯ ದಿನದಿಂದ ಎಲ್ಲ ಬಾಗಿಲನ್ನೂ ಅವರೊಬ್ಬರೇ ತಟ್ಟತೊಡಗಿದರು. ತಿಥಿ ಮುಗಿಸಿ ಬಂದ ಅಣ್ಣತಮ್ಮಂದಿರಲ್ಲಿ ತಮ್ಮ ಸ್ವಲ್ಪ ದಿನ ಸಹಿಸಿದ. ಆಮೇಲೆ ಒಂದು ಬೆಳಗ್ಗೆ ಅಂಗಳದಲ್ಲೇ ಅಂದ: “ಏನ್ ಸಾರ್, ನಾವೇ ಕೊಂದ್ವಿ ಅನ್ನಂಗೆ ದಿನಾ ಬಂದು ಬಾಗ್ಲು ಬಡೀತೀರಲ್ಲ. ನಮ್ಮಪ್ಪ ಸತ್ತಿದ್ದ ಸಾರ್ ಅವತ್ತು.”

ಮೇಷ್ಟ್ರು ತಲೆ ತಗ್ಗಿಸಿ ರೂಮಿಗೆ ಹೋದರು. ಬಾಗಿಲು ತಟ್ಟುವುದು ಅವತ್ತಿಗೆ ನಿಂತಿತು. ಡಾಕ್ಟರೇಟ್ ಕೂಡ. ಬೇಸಿಗೆ ಬರುವಷ್ಟರಲ್ಲಿ ಸಾಮಾನು ಕಟ್ಟಿಕೊಂಡು ಕುಣಿಗಲ್ಲಿಗೆ, ತಂಗಿಯ ಮನೆಗೆ ಹೊರಟುಹೋದರು.

ಹೋದ ತಿಂಗಳು ಗುಬ್ಬಿ ಬಸ್ಸಿನಲ್ಲಿ ಆ ತಮ್ಮ ಸಿಕ್ಕಿದ. ತಲೆ ಬೆಳ್ಳಗಾಗಿದೆ. ಮೇಷ್ಟ್ರು ಹೇಗಿದ್ದಾರೆ, ಏನಾದರೂ ಗೊತ್ತಾ ಅಂತ ನಾನೇ ಕೇಳಿದೆ.

“ಅಯ್ಯೋ, ಅವ್ರು ಹೋಗಿ ಎಷ್ಟೋ ಕಾಲ ಆಯ್ತಲ್ಲಮ್ಮ. ನಿಮ್ಗೆ ಯಾರೂ ಹೇಳ್ನಿಲ್ವಾ?”

ಯಾರೂ ಹೇಳಿರಲಿಲ್ಲ. ವಠಾರ ಕೆಡವಿದ ಮೇಲೆ ಎಲ್ಲರೂ ದಿಕ್ಕಿಗೊಬ್ಬರಾದೆವು, ಯಾರು ಯಾರಿಗೆ ಹೇಳಬೇಕು. ಸತ್ತವರನ್ನು ಕುಣಿಗಲ್ಲಿನಲ್ಲಿ ಚೆನ್ನಾಗಿದ್ದಾರೆ ಅಂದುಕೊಂಡೇ ಇಷ್ಟು ದಿನ ಉಂಡು ಮಲಗಿದ್ದೇನೆ.