ಲತಾಮಣಿಯ ಹನ್ನೆರಡು ಸೆಕೆಂಡು

ಬೆಳಿಗ್ಗೆ ಆರೂಮುಕ್ಕಾಲಿಗೆ ರಾಮನಗರದಲ್ಲಿ ಕಂಪನಿ ಬಸ್ಸು ಹತ್ತಿದರೆ ಹಾರೋಹಳ್ಳಿ ಬರುವವರೆಗೆ ನನಗೆ ನಿದ್ದೆ ಬೇಕು. ಆರು ವರ್ಷದಲ್ಲಿ ಆ ನಿದ್ದೆ ನನಗೆ ಸಿಕ್ಕಿದ್ದು ಲತಾಮಣಿ ರಜಾ ಹಾಕಿದ ದಿನಗಳಲ್ಲಿ ಮಾತ್ರ. ಅವಳು ಚನ್ನಪಟ್ಟಣದಲ್ಲೇ ಹತ್ತಿ, ನನಗೊಂದು ಸೀಟು ಹಿಡಿದಿಟ್ಟು, ನಾನು ಕೂರುವುದನ್ನೇ ಕಾಯುತ್ತಿದ್ದಳು. ಕೂತ ಕೂಡಲೇ ಶುರು. ಯಾರದೋ ಮದುವೆ, ಯಾರದೋ ಸೊಸೆ ಅಂತಿದ್ದರೆ ಹೂಂಗುಟ್ಟಿಕೊಂಡು ತೂಕಡಿಸಬಹುದಿತ್ತು. ಲತಾಮಣಿ ಮಾತಾಡುತ್ತಿದ್ದದ್ದು ಡಿಜೆಗಳ ಬಗ್ಗೆ. ಅದೂ ಗಣೇಶನ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಬರುವ ಡಿಜೆಗಳಲ್ಲ. ಹೊರದೇಶದ ಒಂದು ಸಂಗೀತ ಪತ್ರಿಕೆ ವರ್ಷಕ್ಕೊಂದು ಸಲ ಜನರಿಂದ ವೋಟು ಹಾಕಿಸಿ, ಜಗತ್ತಿನ ನೂರು ಜನಪ್ರಿಯ ಡಿಜೆಗಳು ಇವರು ಅಂತ ಒಂದು ಪಟ್ಟಿ ಬಿಡುತ್ತದೆ. ಆ ಪಟ್ಟಿಯ ಬಗ್ಗೆ.

ಹೊಂಗನೂರಿನ, ಏಳನೇ ಕ್ಲಾಸು ಓದಿದ, ನಲವತ್ತಾರು ವರ್ಷದ ಹೆಂಗಸು ಈ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಬಾಯಲ್ಲೇ ಹೇಳುತ್ತಾಳೆ ಅಂದರೆ ಕೇಳಿದವರು ನಗುತ್ತಾರೆ. ನಗಲಿ. ನಾನೂ ನಕ್ಕಿದ್ದೇನೆ.

ನಮ್ಮದು ಹೆಡ್‌ಫೋನ್ ಜೋಡಿಸುವ ಫ್ಯಾಕ್ಟರಿ. ಲತಾಮಣಿ ಮೂರನೇ ಲೈನಿನ ಟೆಸ್ಟಿಂಗ್ ಟೇಬಲ್‌ನಲ್ಲಿ. ಅವಳ ಮುಂದಿನ ಟೇಬಲ್ ನನ್ನದು, ಪ್ಯಾಕಿಂಗ್. ಅವಳು ಪಾಸ್ ಮಾಡಿದ್ದನ್ನು ನಾನು ಡಬ್ಬಕ್ಕೆ ಹಾಕುತ್ತೇನೆ. ಅವಳ ಕೆಲಸ ಏನೆಂದರೆ ಪ್ರತಿ ಹೆಡ್‌ಫೋನನ್ನೂ ಕಿವಿಗೆ ಹಾಕಿಕೊಂಡು ಹನ್ನೆರಡು ಸೆಕೆಂಡಿನ ಒಂದು ಸದ್ದು ಕೇಳುವುದು. ಎರಡೂ ಕಿವಿಗೆ ಸರಿಯಾಗಿ ಕೇಳಿದರೆ ಪಾಸ್, ಇಲ್ಲದಿದ್ದರೆ ಕೆಂಪು ಟ್ರೇ. ದಿನಕ್ಕೆ ಸಾವಿರದ ಐನೂರು ಸಲ ಅದೇ ಹನ್ನೆರಡು ಸೆಕೆಂಡು. ಬೇರೆಯವರು ಮೂರು ತಿಂಗಳಿಗೇ ತಲೆನೋವು ಅಂತ ಸೆಕ್ಷನ್ ಬದಲಾಯಿಸಿಕೊಂಡು ಹೋಗುತ್ತಿದ್ದರು. ಲತಾಮಣಿ ಒಂಬತ್ತು ವರ್ಷ ಅಲ್ಲೇ ಕೂತಳು.

ಕಾರಣ ಕೇಳಿದರೆ ಅವಳು ಹೇಳುತ್ತಿದ್ದದ್ದು ಒಂದೇ. "ಮದ್ಲು ಸರಸರ ಅಂತ ಬತ್ತದೆ ಕಣಮ್ಮಿ. ನಾಕ್ನೇ ಜ್ವರ ಬುಟ್ಟು ಎದ್ದ ಹುಳ ಸೊಪ್ಪು ಮೇಯ್ತವಲ್ಲ, ಹಂಗೇಯ. ಆಮೇಲೆ ದಪ್ಪ ಸದ್ದು, ಎದೆಗೆ ಗುದ್ದೋ ತರ. ಒಂಬತ್ತನೇ ಸೆಕೆಂಡ್ಗೆ ಪೂರಾ ಎಡಗಿವಿಯಿಂದ ಬಲಗಿವಿಗೆ ದಾಟ್ತದೆ. ಕೆಟ್ಟಿರೋ ಪೀಸು ಅಲ್ಲಿ ಸಿಕ್ಕಾಕತ್ತದೆ."

ಅವಳ ಗಂಡನ ಮನೆಯಲ್ಲಿ ಇಪ್ಪತ್ತು ವರ್ಷ ರೇಷ್ಮೆ ಹುಳು ಸಾಕಿದ್ದರು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಸಾಕುವವರು ಜ್ವರ ಅನ್ನುತ್ತಾರೆ. ಹಿಪ್ಪುನೇರಳೆ ತೋಟ ಅಣ್ಣತಮ್ಮಂದಿರಲ್ಲಿ ಪಾಲಾದ ಮೇಲೆ ಹುಳು ಬಿಟ್ಟರು, ಇವಳು ಫ್ಯಾಕ್ಟರಿಗೆ ಬಂದಳು. ಮೊದಲ ದಿನ ಹೆಡ್‌ಫೋನ್ ಹಾಕಿಕೊಂಡಾಗ ಹುಳುಮನೆಯ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತಂತೆ. ಸೂಪರ್‌ವೈಸರ್ ಅಶೋಕ್ ಕೆಲಸ ಕಷ್ಟವಾಯಿತೆಂದು ತಿಳಿದು ನೀರು ಕುಡಿಸಿದ್ದರಂತೆ.

ಆ ಸದ್ದು ಮಾಡಿದವನು ಸೊರೆನ್ ಹಾಲ್ಕ್ ಅನ್ನುವ ಡೆನ್ಮಾರ್ಕಿನ ಡಿಜೆ. ಕಂಪನಿಯವರು ಟೆಸ್ಟಿಂಗಿಗೆಂದೇ ಅವನ ಹತ್ತಿರ ಮಾಡಿಸಿಕೊಂಡದ್ದು. ಅದಕ್ಕೇ ನಮ್ಮ ಡಬ್ಬದ ಮೇಲೆ "ವಿಶ್ವದ ನೂರು ಅಗ್ರ ಡಿಜೆಗಳಲ್ಲಿ ಒಬ್ಬರ ನಾದದಿಂದ ಪರೀಕ್ಷಿಸಿದ್ದು" ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತಿತ್ತು. ಆ ಸದ್ದು ಬೇರೆಲ್ಲೂ ಸಿಗುವುದಿಲ್ಲ. ಅವನ ಹಾಡುಗಳನ್ನೆಲ್ಲ ಫೋನಿನಲ್ಲಿ ಹುಡುಕಿ ಕೊಟ್ಟವಳು ನಾನೇ. ಲತಾಮಣಿ ಒಂದೊಂದನ್ನೂ ಕೇಳಿ, "ಚೆನ್ನಾಗೈತೆ, ಆದ್ರೆ ಅದಲ್ಲ" ಅಂದಳು. ಕೆಲಸಕ್ಕೆ ಹೋಗುವಾಗ ಫೋನನ್ನು ಗೇಟಿನ ಲಾಕರಿನಲ್ಲಿ ಇಡಬೇಕು, ಆದ್ದರಿಂದ ರೆಕಾರ್ಡ್ ಮಾಡಿಕೊಳ್ಳುವಂತೆಯೂ ಇರಲಿಲ್ಲ. ಲೈನಿನವರೆಲ್ಲ ಆತನನ್ನು ಸೂರಣ್ಣ ಅಂತ ಕರೆಯುತ್ತಿದ್ದರು. ಸೂರಣ್ಣನಿಂದ ಲತಾಮಣಿ ಪಟ್ಟಿಗೆ ಬಂದಳು, ಪಟ್ಟಿಯಿಂದ ನನ್ನ ನಿದ್ದೆಗೆ ಬಂದಳು.

ಪಟ್ಟಿಯ ಬಗ್ಗೆ ಅವಳ ಅಭಿಪ್ರಾಯಗಳು ಒಂದೆರಡಲ್ಲ. ಮೊದಲ ಹತ್ತು ಜನ ವೋಟು ಕೇಳಿಕೊಂಡು ತಿರುಗುವವರು, ವಾರ್ಡ್ ಮೆಂಬರಿಗೂ ಅವರಿಗೂ ವ್ಯತ್ಯಾಸವಿಲ್ಲ. ಅಣ್ಣತಮ್ಮ ಇಬ್ಬರೂ ಸೇರಿ ಒಂದು ಸ್ಥಾನ ತೆಗೆದುಕೊಳ್ಳುವುದು ತಪ್ಪು. "ನಾನೂ ನೀನೂ ಸೇರಿ ಗೇಟಲ್ಲಿ ಒಂದೇ ಹಾಜರಿ ಪಂಚ್ ಹಾಕಿದ್ರೆ ಬುಡ್ತಾರಾ?" ಮುಖವಾಡ ಹಾಕಿಕೊಂಡು ಬಾರಿಸುವವರನ್ನು ಪಟ್ಟಿಗೇ ಸೇರಿಸಬಾರದು. ಒಂದು ಸಲ ನಂಬರ್ ಒನ್ ಆದವರು ಮುಂದಿನ ವರ್ಷ ಸುಮ್ಮನೆ ಕೂತು ಬೇರೆಯವರಿಗೆ ಬಿಡಬೇಕು. ಹೆಂಗಸರು ಎಷ್ಟು ಜನ ಅಂತ ಪ್ರತಿ ವರ್ಷ ಎಣಿಸುತ್ತಿದ್ದಳು, ಎಣಿಸಿ ಮೂಗು ಮುರಿಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ಕೇಳದೆ ವೋಟು ಹಾಕುವವರ ಮೇಲೆ. "ಕೇಳ್ದೆ ಪಾಸ್ ಅನ್ನೋಕಾಯ್ತದಾ? ನಾನು ಹಂಗೆ ಮಾಡಿದ್ರೆ ಕಂಪನಿ ಇರ್ತಿತ್ತಾ?" ಅನ್ನುತ್ತಿದ್ದಳು. ಅವಳ ಗಂಡ ನಂಜುಂಡಯ್ಯ ಒಮ್ಮೆ ಬಸ್ ಸ್ಟಾಪಿನಲ್ಲಿ ನನ್ನನ್ನು ಕಂಡು, "ಅವಳ ತಲೆಗೆ ಇದ್ನೆಲ್ಲ ತುಂಬಿರೋಳು ನೀನೇನಾ?" ಅಂದರು. ನನ್ನ ತಲೆಗೆ ತುಂಬುತ್ತಿರುವುದು ಅವಳೇ ಅಂತ ಹೇಳಲು ಬಸ್ಸು ಬಿಡಲಿಲ್ಲ.

ಸೂರಣ್ಣ ವರ್ಷ ವರ್ಷ ಇಳಿಯುತ್ತಿದ್ದ. ಐವತ್ತೆಂಟು, ಅರವತ್ತಾರು, ಎಪ್ಪತ್ತೊಂದು, ಎಂಬತ್ಮೂರು, ತೊಂಬತ್ನಾಲ್ಕು. ಎರಡು ಸಾವಿರದ ಇಪ್ಪತ್ನಾಲ್ಕರಲ್ಲಿ ತೊಂಬತ್ತೊಂಬತ್ತು. ಮರುವರ್ಷ ಜೂನ್ ತಿಂಗಳಲ್ಲಿ ಅಶೋಕ್ ಲೈನಿಗೆ ಬಂದು, "ಲತಕ್ಕಾ, ಈ ಸಲ ನಿಮ್ಮ ಸೂರಣ್ಣ ನೂರರೊಳಗೆ ಇರ್ಲಿಲ್ಲ ಅಂದ್ರೆ ಕಷ್ಟ ಐತೆ. ಡಬ್ಬದ ಮೇಲೆ ಸುಳ್ಳು ಪ್ರಿಂಟ್ ಮಾಡೋಕಾಗಲ್ಲ. ಬೇರೆಯವನ ಸೌಂಡ್ ಹಾಕ್ತಾರಂತೆ" ಅಂದರು.

ಆ ದಿನ ವಾಪಸ್ ಬರುವಾಗ ಕನಕಪುರ ದಾಟುವವರೆಗೆ ಲತಾಮಣಿ ಮಾತಾಡಲಿಲ್ಲ. ನಿದ್ದೆ ಮಾಡಲು ಅಷ್ಟು ಒಳ್ಳೆಯ ಅವಕಾಶ, ನನಗೆ ನಿದ್ದೆ ಬರಲಿಲ್ಲ.

"ನಾವೇ ವೋಟ್ ಹಾಕುವಾ" ಅಂದಳು ಕೊನೆಗೆ. "ದಿನಾ ಕೇಳೋರು ನಾವು. ನಮಗಿಂತ ಜಾಸ್ತಿ ಅವನ್ನ ಕೇಳಿರೋರು ಈ ಲೋಕದಲ್ಲಿ ಯಾರವ್ರೆ?"

ವೋಟು ಹಾಕಲು ಬೇಕಾದದ್ದು ಹೆಸರು, ಊರು, ಒಂದು ಮೊಬೈಲ್ ನಂಬರು. ನಂಬರಿಗೆ ಒಟಿಪಿ ಬರುತ್ತದೆ, ಅದನ್ನು ಹಾಕಿದರೆ ಆಯಿತು. ಇದು ನಮಗೆ ಹೊಸದೇನಲ್ಲ. ರೇಷನ್ ಕಾರ್ಡಿಗೆ, ಗ್ಯಾಸಿಗೆ, ಪಿಂಚಣಿಗೆ ನಾವು ದಿನಾ ಮಾಡುವುದು ಅದನ್ನೇ. ಲೈನಿನ ಯಲ್ಲಮ್ಮನ ಎಲ್ಲ ಮೆಸೇಜುಗಳು ಅವಳ ನಾದಿನಿಯ ಫೋನಿಗೆ ಬರುತ್ತವೆ. ಗುಲ್ಜಾರ್ ಬೀಯ ಆಧಾರ್ ಮೂರು ವರ್ಷದಿಂದ ನನ್ನ ನಂಬರಿಗೆ ಅಂಟಿಕೊಂಡಿದೆ. ಒಬ್ಬರ ನಂಬರನ್ನು ಹತ್ತು ಜನ ಕೊಡುವುದರಲ್ಲಿ ನಮ್ಮ ಕಡೆ ಯಾರಿಗೂ ವಿಚಿತ್ರ ಕಾಣುವುದಿಲ್ಲ. ಲತಾಮಣಿ, "ಎಲ್ಲಾರ್ದೂ ನನ್ ನಂಬರೇ ಹಾಕು, ಏನಾದ್ರೂ ಕೇಳಿದ್ರೆ ನಾನೇ ಹೇಳ್ತೀನಿ" ಅಂದಳು. ಸೈಟು ತಕರಾರಿಲ್ಲದೆ ತೆಗೆದುಕೊಂಡಿತು. ಬಿ.ಕಾಂ. ಓದಿದವಳು ನಾನು. ನನಗೂ ಅನುಮಾನ ಬರಲಿಲ್ಲ. ಈ ಮಾತು ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವಳದೊಂದು ಷರತ್ತು. ಕೇಳದೆ ಯಾರೂ ವೋಟು ಹಾಕುವಂತಿಲ್ಲ. ಟೀ ಬಿಡುವಿನ ಹತ್ತು ನಿಮಿಷದಲ್ಲಿ ಅವಳ ಟೇಬಲ್ ಮುಂದೆ ಸಾಲು ನಿಲ್ಲುತ್ತಿತ್ತು. ಬೆಸುಗೆ ಸೆಕ್ಷನ್ನು, ಸ್ಟೋರ್ಸು, ಕ್ಯಾಂಟೀನು, ಕಸ ಗುಡಿಸುವವರು. ಒಬ್ಬೊಬ್ಬರಿಗೂ ಹೆಡ್‌ಫೋನ್ ಹಾಕಿ, ಹನ್ನೆರಡು ಸೆಕೆಂಡು ಅವರ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಇಷ್ಟವಾಗಲಿಲ್ಲ ಅಂದವರನ್ನು ಒತ್ತಾಯ ಮಾಡಲಿಲ್ಲ. ಆರು ಜನ ಹಾಗೆ ಅಂದರು, ಅವರ ಹೆಸರು ನಾವು ಬರೆಯಲಿಲ್ಲ. ಸಂಜೆ ಬಸ್ಸಿನಲ್ಲಿ ನಾನು ಹೆಸರು ಹೊಡೆಯುವುದು, ಅವಳು ತನ್ನ ಫೋನಿಗೆ ಬಂದ ಒಟಿಪಿಯನ್ನು ಮಗ್ಗಿ ಹೇಳಿದಂತೆ ಹೇಳುವುದು. ಮೂರು ವಾರದಲ್ಲಿ ನೂರ ಮೂವತ್ತೆರಡು ವೋಟು ಆದವು. ಕೊನೆಯ ದಿನ ಗುಲ್ಜಾರ್ ಬೀ ಬಸ್ಸಿನಲ್ಲಿ ಎಲ್ಲರಿಗೂ ಬಿಸ್ಕತ್ತು ಹಂಚಿದಳು. ಅಸೆಂಬ್ಲಿ ಚುನಾವಣೆಯಲ್ಲೂ ಇಷ್ಟು ಪ್ರಾಮಾಣಿಕವಾಗಿ ವೋಟು ಹಾಕಿಲ್ಲ ಅಂದಳು.

ಅಕ್ಟೋಬರಿನಲ್ಲಿ ಪಟ್ಟಿ ಬಂತು. ಲತಾಮಣಿ ನೂರರಿಂದ ಮೇಲಕ್ಕೆ ಓದಿಸಿದಳು. ತೊಂಬತ್ತರವರೆಗೆ ಸಿಗಲಿಲ್ಲ. ಅವಳ ಮುಖ ಅರಳಿತು, ನಮ್ಮ ವೋಟಿಗೆ ಬಹಳ ಮೇಲೆ ಹೋಗಿದ್ದಾನೆ ಅಂತ. ಎಂಬತ್ತು, ಎಪ್ಪತ್ತು, ಐವತ್ತು. ನಾನು ಓದುತ್ತಾ ಹೋದೆ. ಒಂದರವರೆಗೂ ಓದಿದೆ. ಅಷ್ಟು ಹೊತ್ತಿಗೆ ಬಸ್ಸು ಗೇಟಿನೊಳಗೆ ಬಂದಿತ್ತು.

ಎರಡು ದಿನ ಬಿಟ್ಟು ಸೂರಣ್ಣ ಇಂಟರ್ನೆಟ್ಟಿನ ತನ್ನ ಪುಟದಲ್ಲಿ ಏನೋ ಬರೆದಿದ್ದ. ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. "ಏನಂತೆ?" ಅಂದಳು. "ಈ ಸಲ ಬರಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದಾನೆ ಅಕ್ಕಾ" ಅಂದೆ.

"ಅಷ್ಟುದ್ದ ಐತೆ. ಪೂರ್ತಿ ಓದು."

ಓದಿದೆ. "ಭಾರತದ ಒಂದೇ ನಂಬರಿನಿಂದ ನನ್ನ ಹೆಸರಿಗೆ ನೂರ ಮೂವತ್ತೆರಡು ವೋಟು ಬಿದ್ದಿವೆ. ಮೋಸ ಅಂತ ಪತ್ರಿಕೆಯವರು ನನ್ನನ್ನು ಪಟ್ಟಿಯಿಂದಲೇ ತೆಗೆದಿದ್ದಾರೆ. ಆ ವೋಟುಗಳಿಲ್ಲದಿದ್ದರೂ ನಾನು ತೊಂಬತ್ತೆಂಟನೆಯವನಾಗಿರುತ್ತಿದ್ದೆ. ನಾನು ಯಾರ ಹತ್ತಿರವೂ ವೋಟು ಕೊಂಡಿಲ್ಲ. ಆ ಹೆಸರಿನ ಜನ ನಿಜವಾಗಿ ಇಲ್ಲವೇ ಇಲ್ಲ. ಇದನ್ನು ಮಾಡಿದವರಿಗೆ ನಾಚಿಕೆಯಾಗಬೇಕು."

ಲತಾಮಣಿ ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ.

"ನಂಬರು ನಂದೇ ಅಲ್ವಾ ಮಹೀನ್. ಅವ್ರ ತಾವ ಇತ್ತಲ್ಲ" ಅಂದಳು. "ಒಂದ್ ಫೋನ್ ಮಾಡಿ ಕೇಳಿದ್ರೆ ನಾನೇ ಹೇಳ್ತಿದ್ನಲ್ಲ, ಎಲ್ಲಾರೂ ಅವ್ರೆ ಅಂತ."

ಒಂದು ವಾರ ಅವಳು ಫೋನನ್ನು ಲಾಕರಿನಲ್ಲಿಡಲು ಹಿಂದೆಮುಂದೆ ನೋಡಿದಳು, ಕೆಲಸದ ಹೊತ್ತಿನಲ್ಲೇ ಫೋನು ಬಂದರೆ ಅಂತ. ನಾವು ಕೈಕಟ್ಟಿಕೊಂಡೇನೂ ಕೂರಲಿಲ್ಲ. ಎಂಬತ್ತು ಜನ ಗೇಟಿನ ಮುಂದೆ ಐಡಿ ಕಾರ್ಡು ಹಿಡಿದು ನಿಂತು ಫೋಟೋ ತೆಗೆಸಿಕೊಂಡು ಪತ್ರಿಕೆಗೆ ಕಳಿಸಿದೆವು. ಯಲ್ಲಮ್ಮ ಅದಕ್ಕಾಗಿ ಹೊಸ ಸೀರೆ ಉಟ್ಟು ಬಂದಿದ್ದಳು. ಪತ್ರಿಕೆಯಿಂದ ಒಂದು ಉತ್ತರ ಬಂತು, ಯಂತ್ರವೇ ಬರೆಯುವಂಥದು. ಮತದಾನ ಮುಗಿದಿದೆ, ನಿಮ್ಮ ಆಸಕ್ತಿಗೆ ವಂದನೆ, ಮುಂದಿನ ವರ್ಷ ಭಾಗವಹಿಸಿ. ಸೂರಣ್ಣ ತನ್ನ ಪುಟವನ್ನು ಬೇರೆಯವರು ಬರೆಯದ ಹಾಗೆ ಮುಚ್ಚಿಬಿಟ್ಟಿದ್ದ. ಅಶೋಕ್‌ಗೆ ಹೇಳಿದೆವು. ಅವರು ಬೆಂಗಳೂರಿನ ಆಫೀಸಿಗೆ ಹೇಳಿದರು. ಆಫೀಸಿನವರು, ಈ ವಿಷಯದಲ್ಲಿ ಫ್ಯಾಕ್ಟರಿಯ ಹೆಸರು ಎಲ್ಲೂ ಬರಕೂಡದು, ಬಂದರೆ ಕೆಲಸ ಹೋಗುತ್ತದೆ ಅಂದರು. ಅಲ್ಲಿಗೆ ನಮ್ಮ ಬಾಯಿ ಮುಚ್ಚಿತು. ಇರುವ ಮನುಷ್ಯರು ನಾವು ಇದ್ದೇವೆ ಅಂತ ತೋರಿಸಲು ಇನ್ನು ಯಾವ ಬಾಗಿಲು ತಟ್ಟಬೇಕಿತ್ತೋ ನನಗೆ ಈಗಲೂ ಗೊತ್ತಿಲ್ಲ.

ಲೈನಿನಲ್ಲಿ ಕೆಲವರಿಗೆ ಪೂರ್ತಿ ವಿಷಯ ಗೊತ್ತಿರಲಿಲ್ಲ. ಕ್ಯಾಂಟೀನಿನವರು, "ಗೆದ್ನಾ ನಮ್ಮೋನು?" ಅಂತ ಕೇಳುತ್ತಿದ್ದರು. ಲತಾಮಣಿ, "ಒಸಿಯಲ್ಲಿ ತಪ್ಪೋಯ್ತು" ಅನ್ನುತ್ತಿದ್ದಳು. ಸೂರಣ್ಣನ ಮೇಲೆ ನನಗೆ ಕೆಟ್ಟ ಕೋಪವಿತ್ತು. ಅವಳಿಗೆ ಇರಲಿಲ್ಲ. ಅನ್ನ ಕಸಿದದ್ದು ನಾವು, ಬೈದರೆ ಬೈಸಿಕೊಳ್ಳಬೇಕು ಅಂದಳು.

ನವೆಂಬರಿನ ಒಂದು ಶನಿವಾರ ಹಳೆಯ ಸದ್ದಿಗೆ ಕೊನೆಯ ದಿನ. ಸೋಮವಾರದಿಂದ ಹೊಸ ಡಿಜೆ, ಹೊಸ ಡಬ್ಬ. ಅವತ್ತು ಲತಾಮಣಿ ಟೀ ಬಿಡುವಿನಲ್ಲೂ ಏಳಲಿಲ್ಲ. ಎಂದಿಗಿಂತ ಹೆಚ್ಚೇ ಪೀಸು ನನ್ನ ಕಡೆ ಬಂದವು. ನಾಲ್ಕು ಗಂಟೆ ಇಪ್ಪತ್ತಾರು ನಿಮಿಷಕ್ಕೆ, ಅಶೋಕ್ ಟೆಸ್ಟಿಂಗ್ ಮಿಷನ್ನುಗಳನ್ನು ಆ ಕಡೆಯಿಂದ ಒಂದೊಂದಾಗಿ ಆಫ್ ಮಾಡುತ್ತಾ ಬರುತ್ತಿದ್ದಾಗ, ಅವಳು ಒಂದು ಹೆಡ್‌ಫೋನನ್ನು ಟ್ರೇಗೆ ಹಾಕದೆ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು.

"ಬಾ, ವೋಟ್ ಹಾಕಿದಾಗ ಕೇಳಿದ್ಯಲ್ಲ. ಇನ್ನೊಂದ್ ಸಲ ಕೇಳ್ಕೊ. ಇನ್ ಸಿಗಾಕಿಲ್ಲ."

ನಾನು ಕೇಳಿರಲಿಲ್ಲ. ಎಲ್ಲರನ್ನೂ ಸಾಲು ನಿಲ್ಲಿಸಿ ಹೆಸರು ಬರೆದುಕೊಳ್ಳುತ್ತಿದ್ದವಳು ನಾನು. ನೀನು ಕೇಳಿದೆಯಾ ಅಂತ ಅವಳು ಒಮ್ಮೆ ಕೇಳಿದಾಗ, ಆಯ್ತು ಅಕ್ಕಾ ಅಂದು ನನ್ನ ಹೆಸರನ್ನೂ ಬರೆದುಕೊಂಡಿದ್ದೆ. ಆರು ವರ್ಷ ಅವಳ ಮುಂದಿನ ಟೇಬಲ್‌ನಲ್ಲಿ ಕೂತು, ನಿದ್ದೆ ಕೆಡಿಸುವ ಈ ಸೂರಣ್ಣನನ್ನು ಒಂದು ಸಲವಾದರೂ ಕೇಳೋಣ ಅಂತ ನನಗೆ ಅನ್ನಿಸಿರಲೇ ಇಲ್ಲ. ಆ ನೂರ ಮೂವತ್ತೆರಡು ಹೆಸರುಗಳಲ್ಲಿ ಒಂದು ಸುಳ್ಳೇ ಆಗಿತ್ತು.

ಹೆಡ್‌ಫೋನ್ ಹಾಕಿಕೊಂಡೆ. ಅವಳು ಬಟನ್ ಒತ್ತಿದಳು.

ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ನನ್ನಪ್ಪ, ಜಬ್ಬಾರ್ ಅಬ್ಬಾ, ನಲವತ್ತು ವರ್ಷ ರಾಮನಗರದ ಮಾರ್ಕೆಟ್ಟಿನಿಂದ ಗೂಡು ತಂದು ಬೇಯಿಸಿದವರು. ನಮ್ಮ ಮನೆಗೆ ಹುಳು ಬರುತ್ತಿದ್ದದ್ದು ಗೂಡಿನೊಳಗೆ, ಸದ್ದಿಲ್ಲದೆ. ಅದು ಸೊಪ್ಪು ಮೇಯುವಾಗ ಹೇಗೆ ಕೇಳಿಸುತ್ತದೆಂದು ನನಗೆ ಆವರೆಗೆ ತಿಳಿದಿರಲಿಲ್ಲ.

ಒಂಬತ್ತನೇ ಸೆಕೆಂಡಿಗೆ ಅದು ದಾಟಿತು. ಆಮೇಲೆ ನಿಂತಿತು. ಲತಾಮಣಿ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.

"ಇನ್ನೊಂದು ಸಲ ಹಾಕಕ್ಕಾ" ಅಂದೆ.

ಅವಳು ಬಟನ್ ಒತ್ತಿದಳು. ಏನೂ ಕೇಳಿಸಲಿಲ್ಲ. ಅಶೋಕ್ ನಮ್ಮ ಮಿಷನ್ನಿನ ಸ್ವಿಚ್ಚಿನ ಹತ್ತಿರ ನಿಂತಿದ್ದರು, ಲತಾಮಣಿ ಮತ್ತೊಮ್ಮೆ ಒತ್ತಿದಳು.